ಲ್ಯಾಪ್‌ಟಾಪಿಗೊಂದು ಅಂಗಿ: ಸ್ಲೀವೋ, ಗಟ್ಟಿ ಕೇಸೋ, ಶೆಲ್ಲೋ?

ಕಳೆದ ಭಾನುವಾರ ಒಂದು ಹಳೇ ಲ್ಯಾಪ್‌ಟಾಪ್ ಸ್ಲೀವನ್ನು, ಅಂದರೆ ಅದನ್ನಿಡುವ ಮೆತ್ತನೆ ಚೀಲವನ್ನು, ಕತ್ತರಿ ತಗೊಂಡು ಕೊಯ್ದು ನೋಡಿದೆ. ಜಿಪ್ ಹೋಗಿತ್ತು, ಹೇಗೂ ಎಸೆಯುವುದಿತ್ತು. ಮೂರು ವರ್ಷದ ಹಿಂದೆ ₹449 ಕೊಟ್ಟು ತಂದಾಗ ಅದರ ಚೀಟಿಯ ಮೇಲೆ ‘ಶಾಕ್‌ಪ್ರೂಫ್, ವಾಟರ್‌ಪ್ರೂಫ್, ಮಿಲಿಟರಿ ಗ್ರೇಡ್’ ಅಂತ ಮೂರೂ ಬಿರುದು ಇದ್ದವು. ಒಳಗೆ ಸಿಕ್ಕಿದ್ದೇನು? ಹೊರಗಡೆ ತೆಳು ಪಾಲಿಯೆಸ್ಟರ್ ಬಟ್ಟೆ, ನಡುವೆ 3 ಮಿ.ಮೀ. ಸ್ಪಂಜು, ಒಳಗಡೆ ತುಪ್ಪಟದಂಥ ಮೆತ್ತನೆ ಲೈನಿಂಗ್. ಸ್ಪಂಜನ್ನು ಎರಡು ಬೆರಳಲ್ಲಿ ಹಿಸುಕಿದರೆ ಕಾಗದದಷ್ಟು ತೆಳ್ಳಗಾಗುತ್ತದೆ. ಅದೂ ಎರಡು ಅಗಲದ ಬದಿಗಳಲ್ಲಿ ಮಾತ್ರ. ಅಂಚಿನಲ್ಲಿ, ಅಂದರೆ ಕೈಜಾರಿದರೆ ಮೊದಲು ನೆಲಕ್ಕೆ ತಾಗುವ ಜಾಗದಲ್ಲಿ, ಸ್ಪಂಜೇ ಇಲ್ಲ. ಎರಡು ಬಟ್ಟೆ ಸೇರಿಸಿ ಹೊಲಿಗೆ ಹಾಕಿದ್ದಾರೆ, ಅಷ್ಟೇ.

ಕೊಯ್ಯೋಕೆ ಕಾರಣ ತಂಗಿಯ ಮಗಳು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಸೇರಿದ್ದಾಳೆ, ಹೊಸ ಲ್ಯಾಪ್‌ಟಾಪ್ ಬಂದಿದೆ. ನಾಲ್ಕು ಚಿತ್ರ ಕಳಿಸಿ, “ಮಾವ, ಇದರಲ್ಲಿ ಯಾವುದು ತಗೊಳ್ಲಿ?” ಅಂತ ಕೇಳಿದಳು. ಒಂದು ನಿಯೋಪ್ರೀನ್ ಸ್ಲೀವ್, ಒಂದು ಬೂದು ಬಣ್ಣದ ಫೆಲ್ಟ್ (ಉಣ್ಣೆಯಂಥ ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ), ಒಂದು ಸೂಟ್‌ಕೇಸಿನ ಮರಿಯ ಹಾಗಿರುವ ಗಟ್ಟಿ ಕೇಸ್, ಇನ್ನೊಂದು ಪಾರದರ್ಶಕ ಪ್ಲಾಸ್ಟಿಕ್ ಶೆಲ್. ನಾಲ್ಕನೆಯದು ಅವಳ ಲ್ಯಾಪ್‌ಟಾಪಿಗೆ ಕೂರುವುದೇ ಇಲ್ಲ, ಅದು ಆಪಲ್ ಕಂಪನಿಯ ಮ್ಯಾಕ್‌ಬುಕ್ಕಿನದು. ಉಳಿದ ಮೂರರ ವಿಷಯ ಫೋನಿನಲ್ಲಿ ಹೇಳಿ ಮುಗಿಯಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಬೀಳುವುದಕ್ಕಿಂತ ಹೆಚ್ಚಿನದು ಒತ್ತಡ

ಮಾರುವವರು ಮಾರುವುದು ಬೀಳುವ ಭಯವನ್ನು. ಜಾಹೀರಾತಿನಲ್ಲೆಲ್ಲ ಲ್ಯಾಪ್‌ಟಾಪ್ ಮೇಜಿನಿಂದ ಜಾರುತ್ತಿರುತ್ತದೆ. ನನ್ನ ಹದಿನೈದು ವರ್ಷದ ಲ್ಯಾಪ್‌ಟಾಪ್ ಸಂಸಾರದಲ್ಲಿ ಬಿದ್ದು ಹಾಳಾಗಿದ್ದು ಒಂದೂ ಇಲ್ಲ. ಒಂದರ ಪರದೆ ಒಡೆಯಿತು, ಅದು ಒಡೆದದ್ದು ಬ್ಯಾಗಿನೊಳಗೆ. ಚಾರ್ಜರಿನ ಅಡಾಪ್ಟರ್ ಮುಚ್ಚಳದ ಕಡೆಗೆ ಬಂದಿತ್ತು. ಮೆಜೆಸ್ಟಿಕ್ ಬಸ್ಸಿನಲ್ಲಿ ಬೆಳಗ್ಗೆ ಒಂಬತ್ತರ ನೂಕುನುಗ್ಗಲು, ಬೆನ್ನ ಮೇಲಿನ ಬ್ಯಾಗು ಕಂಬಕ್ಕೆ ಒತ್ತಿತು. ಆಫೀಸಿನಲ್ಲಿ ತೆರೆದರೆ ಪರದೆಯ ನಡುವೆ ಮಸಿ ಚೆಲ್ಲಿದ ಹಾಗೆ ಮಚ್ಚೆ, ಅದರ ಸುತ್ತ ಜೇಡನ ಕಾಲಿನಂತೆ ಗೆರೆ. ಸ್ಲೀವ್ ಇರಲಿಲ್ಲವೇ ಅಂತ ಎಲ್ಲರೂ ಕೇಳಿದರು. ಇತ್ತು. ಮೇಲೆ ಕೊಯ್ದೆ ಎಂದೆನಲ್ಲ, ಅದೇ. ಎಸ್.ಪಿ. ರಸ್ತೆಯಲ್ಲಿ ಹೊಸ ಪರದೆ ಹಾಕಿಸಲು ₹6,500 ಹೋಯಿತು. ಅಲ್ಲಿನ ರಿಪೇರಿಯವರ ಮೇಜಿನ ಮೇಲೆ ಅದೇ ತರಹ ನಡುಭಾಗ ಒಡೆದ ಪರದೆಗಳು ಇನ್ನೂ ಮೂರಿದ್ದವು.

ಹೀಗಾಗುವುದಕ್ಕೆ ಕಾರಣ ಸರಳ. ಲ್ಯಾಪ್‌ಟಾಪಿನ ಮುಚ್ಚಳ ಈಗ ಬರುವುದರಲ್ಲಿ ಕೆಲವೇ ಮಿ.ಮೀ. ದಪ್ಪ, ಅದರೊಳಗೆ ತೆಳು ಗಾಜಿನ ಪದರಗಳಿರುವ ಡಿಸ್‌ಪ್ಲೇ. ಮುಚ್ಚಿದಾಗ ಗಾಜಿಗೂ ಕೀಬೋರ್ಡಿಗೂ ನಡುವೆ ಕೂದಲೆಳೆಯಷ್ಟು ಜಾಗ. ಹಿಂದಿನಿಂದ ಒಂದೇ ಕಡೆ ಒತ್ತಡ ಬಿದ್ದರೆ ಗಾಜು ಬಾಗಿ ಕೀಗಳಿಗೆ ತಾಗುತ್ತದೆ. ಮೆತ್ತನೆ ಸ್ಪಂಜು ಈ ಒತ್ತಡವನ್ನು ತಡೆಯುವುದಿಲ್ಲ, ತಾನು ಕುಗ್ಗಿ ಅಷ್ಟನ್ನೂ ಒಳಗೆ ದಾಟಿಸುತ್ತದೆ. ಇಲ್ಲಿ ಬೇಕಾದ್ದು ಗಡಸುತನ. ಒಂದೇ ಬಿಂದುವಿನ ಮೇಲೆ ಬಿದ್ದ ಭಾರವನ್ನು ಇಡೀ ಹಲಗೆಗೆ ಹಂಚುವಂಥದ್ದು ಬೇಕು.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಖಾಲಿ ಸ್ಲೀವನ್ನು ಎರಡೂ ಕೈಯಲ್ಲಿ ಹಿಡಿದು ಮಡಚಲು ನೋಡಿ. ಟವೆಲ್ಲಿನ ಹಾಗೆ ಮಡಚಿಕೊಂಡರೆ ಅದು ಗೀರಿನಿಂದ ಕಾಪಾಡುವ ಚೀಲ. ರಟ್ಟಿನ ಹಾಗೆ ಎದುರು ನಿಂತರೆ ಒಳಗೆ ಪ್ಲಾಸ್ಟಿಕ್ ಹಾಳೆ ಇದೆ ಅಂತ ಅರ್ಥ. ಆಮೇಲೆ ಮೇಜಿನ ಮೇಲಿಟ್ಟು ನಡುವೆ ಹೆಬ್ಬೆರಳಿಂದ ಒತ್ತಿ. ಬೆರಳಿಗೆ ಮೇಜಿನ ಗಟ್ಟಿ ಸಿಕ್ಕಿತೋ, ಮುಂದಿನದನ್ನು ತೋರಿಸಿ ಅನ್ನಿ.

ಈಗಾಗಲೇ ಮೆತ್ತನೆಯದನ್ನು ಕೊಂಡುಬಿಟ್ಟಿದ್ದರೆ ಎಸೆಯಬೇಕಾಗಿಲ್ಲ. ಪರೀಕ್ಷೆಗೆ ಒಯ್ಯುತ್ತಿದ್ದ ರೈಟಿಂಗ್ ಪ್ಯಾಡ್ ನೆನಪಿದೆಯಲ್ಲ? ಅದರ ಕ್ಲಿಪ್ ಕಿತ್ತು, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ, ಬ್ಯಾಗಿನಲ್ಲಿ ಸ್ಲೀವಿನ ಹೊರಗೆ, ಮುಚ್ಚಳದ ಕಡೆಗೆ ಇಟ್ಟುಕೊಳ್ಳಿ. ಐವತ್ತು ಅರವತ್ತು ರೂಪಾಯಿಯ ವಸ್ತು. ನಾನು ಎರಡು ವರ್ಷದಿಂದ ಹಾಗೇ ಓಡಾಡುತ್ತಿದ್ದೇನೆ.

15.6 ಇಂಚು ಅಂದರೆ ಏನು ಅಲ್ಲ

ಸ್ಲೀವ್ ಕೊಳ್ಳುವವರು ಎಡವುವುದು ಹೆಚ್ಚಾಗಿ ಅಳತೆಯಲ್ಲಿ. 15.6 ಇಂಚು ಎನ್ನುವುದು ಪರದೆಯ ಮೂಲೆಯಿಂದ ಮೂಲೆಗಿರುವ ಅಳತೆ, ಅಂದರೆ 39.6 ಸೆಂ.ಮೀ. ಲ್ಯಾಪ್‌ಟಾಪಿನ ಮೈ ಎಷ್ಟಗಲ ಅಂತ ಅದು ಹೇಳುವುದಿಲ್ಲ. ಪರದೆಯ ಸುತ್ತ ಅಗಲ ಅಂಚಿದ್ದ ಹಳೆಯ 15.6 ಇಂಚಿನ ಲ್ಯಾಪ್‌ಟಾಪ್ 38 ಸೆಂ.ಮೀ. ಅಗಲ ಇರುತ್ತಿತ್ತು, ಈಗಿನದು 36ರ ಆಸುಪಾಸು. ಎರಡಕ್ಕೂ ಒಂದೇ ಹೆಸರಿನ ಸ್ಲೀವ್ ಮಾರುತ್ತಾರೆ. ಹಳೆಯದಕ್ಕೆ ಬಿಗಿ, ಹೊಸದಕ್ಕೆ ದೊಗಲೆ.

ಪರದೆಯ ಆಕಾರವೂ ಬದಲಾಗಿದೆ. ಮೊದಲು ಸಿನಿಮಾ ನೋಡಲು ಹೊಂದುವ 16:9 ಇತ್ತು, ಈಗ ಹಲವು ಮಾಡೆಲ್‌ಗಳಲ್ಲಿ 16:10 ಬಂದಿದೆ. ಹಾಗೆಂದರೆ ಅಗಲ ಕಡಿಮೆ, ಎತ್ತರ ಹೆಚ್ಚು. ಅಗಲ ನೋಡಿ ಸರಿಯಾಯಿತು ಎಂದುಕೊಂಡರೆ ಎತ್ತರದಲ್ಲಿ ಜಿಪ್ ಮುಚ್ಚದೆ ಹಲ್ಲು ಕಿರಿಯುತ್ತದೆ. ಆಪಲ್‌ನದನ್ನೇ ನೋಡಿ. 2022ರಿಂದ ಬಂದ ಚಿಕ್ಕ ಮ್ಯಾಕ್‌ಬುಕ್ ಏರ್ 30.41 × 21.5 ಸೆಂ.ಮೀ., ದಪ್ಪ 1.13 ಸೆಂ.ಮೀ. ಅದರ ಪಕ್ಕದ 14 ಇಂಚಿನ ಮ್ಯಾಕ್‌ಬುಕ್ ಪ್ರೊ 31.26 × 22.12 ಸೆಂ.ಮೀ., ದಪ್ಪ 1.55. ಅಗಲದಲ್ಲಿ ಒಂದು ಸೆಂ.ಮೀ.ಗಿಂತ ಕಡಿಮೆ ವ್ಯತ್ಯಾಸ, ದಪ್ಪದಲ್ಲಿ 4 ಮಿ.ಮೀ. ಒಂದರ ಬಿಗಿ ಸ್ಲೀವ್ ಇನ್ನೊಂದಕ್ಕೆ ಹಿಡಿಸುವುದಿಲ್ಲ. ಗೇಮಿಂಗ್ ಲ್ಯಾಪ್‌ಟಾಪ್ ಇರುವವರ ಪಾಡು ಇನ್ನೂ ಬೇರೆ. ಅವು 2.5 ಸೆಂ.ಮೀ. ದಪ್ಪ ಇರುವುದುಂಟು, ಮೇಲಾಗಿ ಹಿಂಬದಿ ಹಿಂಜಿನ (ಮುಚ್ಚಳದ ಕೀಲಿನ) ಆಚೆಗೂ ಮೈ ಚಾಚಿಕೊಂಡಿರುತ್ತದೆ.

ಮನೆಯಲ್ಲಿ ಟೇಲರ್ ಟೇಪು ಇದ್ದೇ ಇರುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ಅಗಲ, ಎತ್ತರ, ದಪ್ಪ ಮೂರನ್ನೂ ಅಳೆದು ಬರೆದಿಟ್ಟುಕೊಳ್ಳಿ. ದಪ್ಪ ಅಳೆಯುವಾಗ ಅಡಿಯ ರಬ್ಬರ್ ಕಾಲನ್ನೂ ಸೇರಿಸಿ. ಕೊಳ್ಳುವ ಪುಟದಲ್ಲಿ ‘ಒಳಅಳತೆ’ ಕೊಟ್ಟಿದ್ದಾರಾ ನೋಡಿ. ಹೊರಅಳತೆ ಮಾತ್ರ ಕೊಟ್ಟಿದ್ದರೆ ಅದರಿಂದ ನಿಮಗೆ ಉಪಯೋಗವಿಲ್ಲ. ಒಳಅಳತೆ ನಿಮ್ಮದಕ್ಕಿಂತ ಒಂದು ಸೆಂ.ಮೀ. ಹೆಚ್ಚಿದ್ದರೆ ಸಾಕು. ಅದಕ್ಕಿಂತ ದೊಗಲೆಯಾದರೆ ಲ್ಯಾಪ್‌ಟಾಪ್ ಒಳಗೇ ಓಡಾಡಿ, ಮೂಲೆಗೆ ಕೊಟ್ಟ ಮೆತ್ತೆ ಒಂದು ಕಡೆ, ಮೂಲೆ ಇನ್ನೊಂದು ಕಡೆ ಆಗುತ್ತದೆ. ಮಕ್ಕಳಿಗೆ ಸಮವಸ್ತ್ರ ಹೊಲಿಸುವ ಹಾಗೆ ‘ಮುಂದಕ್ಕೂ ಆಗಲಿ’ ಅಂತ ಒಂದು ಸೈಜು ದೊಡ್ಡದು ತರುವವರಿದ್ದಾರೆ. ಲ್ಯಾಪ್‌ಟಾಪ್ ಬೆಳೆಯುವುದಿಲ್ಲ. (ಬೆಳೆಯುವುದುಂಟು, ಅದನ್ನು ಕೊನೆಗೆ ಹೇಳುತ್ತೇನೆ.)

ಬಿದ್ದರೆ ಏನಾಗುತ್ತದೆ ಎಂಬ ಸಣ್ಣ ಲೆಕ್ಕ

ಬೀಳುವುದೇ ಇಲ್ಲ ಅಂತಲ್ಲ. ಮೇಜಿನ ಎತ್ತರ ಸುಮಾರು 75 ಸೆಂ.ಮೀ. ಅಲ್ಲಿಂದ ಬಿದ್ದ ವಸ್ತುವಿಗೆ ನಿಲ್ಲಲು ಎಷ್ಟು ದೂರ ಸಿಗುತ್ತದೆ ಎನ್ನುವುದರ ಮೇಲೆ ಪೆಟ್ಟಿನ ಜೋರು ನಿಂತಿದೆ. 3 ಮಿ.ಮೀ. ಸ್ಪಂಜು ಪೂರ್ತಿ ಕುಗ್ಗಿ ನಿಲ್ಲಿಸಿತು ಎಂದುಕೊಂಡರೂ, 750 ಮಿ.ಮೀ. ಬಿದ್ದದ್ದನ್ನು 3 ಮಿ.ಮೀ.ನಲ್ಲಿ ತಡೆಯಬೇಕು. ಅಂದರೆ ಲ್ಯಾಪ್‌ಟಾಪಿನ ಮೇಲೆ ಅದರ ತೂಕದ ಸರಾಸರಿ 250 ಪಟ್ಟು ಬಲ. ಅದೇ ಮೂಲೆಯಲ್ಲಿ 10 ಮಿ.ಮೀ. ಕುಗ್ಗುವ ಮೆತ್ತೆ ಇದ್ದರೆ 75 ಪಟ್ಟು. ಸ್ಪಂಜು ನಿಜಕ್ಕೂ ಅಷ್ಟು ಪೂರ್ತಿ ಕುಗ್ಗುವುದಿಲ್ಲ, ಆದ್ದರಿಂದ ಎರಡೂ ಲೆಕ್ಕ ಇನ್ನಷ್ಟು ಏರುತ್ತವೆ. ಅನುಪಾತ ಮಾತ್ರ ಹೆಚ್ಚುಕಡಿಮೆ ಅದೇ.

ಹಾಗಾಗಿ ಬೀಳುವ ಭಯಕ್ಕೆ ಸ್ಲೀವ್ ಕೊಳ್ಳುವವರು ಬದಿಯ ಮೆತ್ತೆ ನೋಡಬೇಡಿ, ಅಂಚು ಮತ್ತು ಮೂಲೆ ನೋಡಿ. ಜಿಪ್ ತೆರೆದು ಒಳಗೆ ಕೈಹಾಕಿ, ಕೆಳಗಿನ ಎರಡು ಮೂಲೆಗಳನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿಯಿರಿ. ಬೆರಳಷ್ಟು ದಪ್ಪದ ದಿಂಡು ಸಿಗಬೇಕು. ಟಾಮ್‌ಟಾಕ್‌ನಂಥ ಕೆಲವು ಕಂಪನಿಗಳು ಒಳಗಡೆ ಸುತ್ತಲೂ ಉಬ್ಬಿದ ದಿಂಡು ಕೊಟ್ಟು, ಮೂಲೆಗೆ ಬೇರೆಯೇ ರಬ್ಬರಿನಂಥ ತುಂಡು ಸೇರಿಸುತ್ತವೆ. ಹಾಗೆ ಮಾಡಿದ್ದಕ್ಕೆ ದುಡ್ಡು ಕೊಡುವುದರಲ್ಲಿ ಅರ್ಥವಿದೆ.

‘ಮಿಲಿಟರಿ ಗ್ರೇಡ್’ ಎಂಬ ಮಾತಿಗೆ ಮೂಲ ಅಮೆರಿಕದ ಸೇನೆಯ ಮಿಲ್-ಎಸ್‌ಟಿಡಿ-810 ಎಂಬ ಮಾನದಂಡ. ಅದರ ಬೀಳಿಸುವ ಪರೀಕ್ಷೆಯಲ್ಲಿ ಸಣ್ಣ ವಸ್ತುಗಳನ್ನು 122 ಸೆಂ.ಮೀ. ಎತ್ತರದಿಂದ 26 ಸಲ ಬೀಳಿಸುತ್ತಾರೆ: 6 ಮುಖ, 12 ಅಂಚು, 8 ಮೂಲೆ. ಈ 26 ಪೆಟ್ಟುಗಳನ್ನು ಒಂದೇ ವಸ್ತು ತಿನ್ನಬೇಕಾಗಿಲ್ಲ, ಅದೇ ತರಹದ ಐದು ವಸ್ತುಗಳವರೆಗೆ ಹಂಚಬಹುದು. ಜೊತೆಗೆ ಈ ಮಾನದಂಡಕ್ಕೆ ಮುದ್ರೆ ಒತ್ತುವ ಇಲಾಖೆ ಯಾವುದೂ ಇಲ್ಲ, ಕಂಪನಿಯೇ ಪರೀಕ್ಷೆ ಮಾಡಿ ಕಂಪನಿಯೇ ಹೇಳಿಕೊಳ್ಳುವುದು. ಎಷ್ಟೆತ್ತರ, ಯಾವ ನೆಲ, ಎಷ್ಟು ಸಲ ಎಂದು ಬರೆದಿದ್ದರೆ ಓದಿ. ಬರೀ ಆ ಎರಡು ಪದ ಇದ್ದರೆ ದಾಟಿ ಮುಂದೆ ಹೋಗಿ.

ಈಗ ಒಂದೊಂದಾಗಿ

ನಿಯೋಪ್ರೀನ್ ಅಂದರೆ ಈಜುಗಾರರ, ಮುಳುಗುಗಾರರ ವೆಟ್‌ಸೂಟಿನ ಬಟ್ಟೆ. 1930ರಲ್ಲಿ ಡುಪಾಂಟ್ ಕಂಪನಿಯಲ್ಲಿ ಹುಟ್ಟಿದ ಕೃತಕ ರಬ್ಬರು. ಇದರ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುವುದಿಲ್ಲ, ಹಾಗಾಗಿ ರಬ್ಬರು ತಾನಾಗಿ ನೀರು ಕುಡಿಯುವುದಿಲ್ಲ. ಒಳ್ಳೆಯ ಗುಣ ಇದರದ್ದು ಎಳೆತ: ಅರ್ಧ ಸೆಂ.ಮೀ. ಹೆಚ್ಚುಕಡಿಮೆಯಾದರೂ ಮೈಗೆ ಕಚ್ಚಿಕೊಂಡು ಕೂರುತ್ತದೆ. ಹಗುರ, ಮನೆಯಲ್ಲೇ ತೊಳೆಯಬಹುದು, ಇನ್ನೊಂದು ಬ್ಯಾಗಿನೊಳಗೆ ಸಲೀಸಾಗಿ ಹೋಗುತ್ತದೆ. ಕೆಟ್ಟ ಗುಣ ಎರಡು. ಹೊಲಿಗೆಯ ತೂತುಗಳಿಂದ ಮತ್ತು ಜಿಪ್‌ನಿಂದ ನೀರು ಇಳಿಯುತ್ತದೆ, ಆದ್ದರಿಂದ ವೆಟ್‌ಸೂಟಿನ ಬಟ್ಟೆ ಎಂದ ಮಾತ್ರಕ್ಕೆ ಜಲನಿರೋಧಕ ಅಲ್ಲ. ಎರಡನೆಯದು, ಒತ್ತಡಕ್ಕೆ ಇದು ಏನೂ ಮಾಡುವುದಿಲ್ಲ. ಮುನ್ನೂರು ನಾನೂರು ರೂಪಾಯಿಗೆ ನಿಯೋಪ್ರೀನ್ ಎಂದು ಸಿಗುವುದರಲ್ಲಿ ಅಗ್ಗದ ಬೇರೆ ರಬ್ಬರು ಬೆರೆತಿರುವುದೇ ಹೆಚ್ಚು. ಮೂಗಿಗೆ ಹಿಡಿದರೆ ಹೊಸ ಟೈರಿನ ವಾಸನೆ ಗಪ್ಪೆಂದು ಹೊಡೆಯುತ್ತದೆ.

ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯ ನಡುವೆ ಸ್ಪಂಜಿಟ್ಟ ಮಾಮೂಲಿ ಸ್ಲೀವ್ ಎಲ್ಲ ಕಡೆ ಸಿಗುವುದು. ಇದರಲ್ಲಿ ₹400ರದ್ದೂ ಇದೆ, ₹2,000ದ್ದೂ ಇದೆ, ಹೊರಗಿನಿಂದ ನೋಡಿದರೆ ಅವಳಿಜವಳಿ. ವ್ಯತ್ಯಾಸ ಇರುವುದು ಮೇಲೆ ಹೇಳಿದ ಮೂಲೆಯಲ್ಲಿ, ಒಳಗಿನ ಗಟ್ಟಿ ಹಾಳೆಯಲ್ಲಿ, ಜಿಪ್‌ನಲ್ಲಿ. ನನ್ನ ಮಟ್ಟಿಗೆ ಹೆಚ್ಚಿನವರಿಗೆ ಬೇಕಾದ್ದು ಇದೇ ಜಾತಿಯ, ₹1,000ರಿಂದ ₹1,800ರ ನಡುವಿನ ಒಂದು.

ಜಿಪ್ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು, ಯಾಕೆಂದರೆ ಸ್ಲೀವ್ ಸಾಯುವುದು ಜಿಪ್‌ನಿಂದ. ಲೋಹದ ಹಲ್ಲಿನ ಜಿಪ್ ನೋಡಲು ಚಂದ, ಅಲ್ಯೂಮಿನಿಯಂ ಲ್ಯಾಪ್‌ಟಾಪಿನ ಅಂಚಿಗೆ ಮಾತ್ರ ಅದು ಗರಗಸ. ಪ್ರತಿದಿನ ಎರಡು ಸಲ ತೆಗೆದು ಹಾಕಿದರೆ ಆರು ತಿಂಗಳಲ್ಲಿ ಅಂಚಿನ ಬಣ್ಣ ಎದ್ದು ಬೆಳ್ಳಗಾಗುತ್ತದೆ. ಪ್ಲಾಸ್ಟಿಕ್ ಸುರುಳಿಯ ಜಿಪ್ ಇರಲಿ, ಒಳಗಡೆ ಜಿಪ್ಪಿನುದ್ದಕ್ಕೂ ಬಟ್ಟೆಯ ಅಥವಾ ಮೆತ್ತೆಯ ಪಟ್ಟಿ ಇರಲಿ. ಜಿಪ್ ಒಂದೇ ಕಡೆಗಿದ್ದರೆ ಸಾಲದು, ಎಲ್ ಆಕಾರದಲ್ಲಿ ಎರಡು ಬದಿಗೆ ಅಥವಾ ಮೂರು ಬದಿಗೆ ತೆರೆದುಕೊಂಡರೆ ಲ್ಯಾಪ್‌ಟಾಪನ್ನು ತುರುಕಬೇಕಾಗಿಲ್ಲ. ಎಳೆಯುವ ತುಂಡಿನ ಮೇಲೆ ವೈಕೆಕೆ ಎಂದಿದ್ದರೆ ಅದು ಜಪಾನಿನ ಹಳೆಯ ಜಿಪ್ ಕಂಪನಿ, 1934ರದ್ದು. ಉಳಿದೆಲ್ಲದರಲ್ಲೂ ಕಾಸು ಉಳಿಸುವ ತಯಾರಕ ಜಿಪ್‌ಗೆ ಮಾತ್ರ ದುಡ್ಡು ಹಾಕುವುದು ಅಪರೂಪ, ಹಾಗಾಗಿ ಅದೊಂದು ಒಳ್ಳೆಯ ಲಕ್ಷಣ.

ಜಿಪ್ ಬದಲು ಆಯಸ್ಕಾಂತದ ಮುಚ್ಚಳ ಇರುವ ಲಕೋಟೆ ಮಾದರಿಯವು ಕಾಫಿ ಶಾಪಿನ ಮೇಜಿಗೆ ಚಂದ. ಲ್ಯಾಪ್‌ಟಾಪಿನಲ್ಲಿ ಫೈಲುಗಳನ್ನು ಉಳಿಸಿಡುವ ಎಸ್‌ಎಸ್‌ಡಿಗೆ ಅದರಿಂದ ತೊಂದರೆಯಿಲ್ಲ. ಆದರೆ ಮುಚ್ಚಳ ಮುಚ್ಚಿದೆಯೋ ತೆರೆದಿದೆಯೋ ಎಂದು ಲ್ಯಾಪ್‌ಟಾಪ್ ತಿಳಿಯುವುದೂ ಆಯಸ್ಕಾಂತದಿಂದಲೇ. ಸ್ಲೀವನ್ನು ಅಡಿಗೆ ಹಾಸಿಕೊಂಡು ಕೆಲಸ ಮಾಡುವಾಗ ಪರದೆ ಇದ್ದಕ್ಕಿದ್ದಂತೆ ಕಪ್ಪಾದರೆ ಗಾಬರಿಯಾಗಬೇಡಿ, ಸ್ಲೀವ್ ಪಕ್ಕಕ್ಕಿಡಿ.

ಫೆಲ್ಟ್ ಬಗ್ಗೆ ನನಗೆ ಒಂದು ಮೃದುಭಾವ ಇದೆ, ಕಂಬಳಿಯ ನೆಂಟು. ನಮ್ಮ ತೀರ್ಥಹಳ್ಳಿ ಕಡೆ ಗದ್ದೆ ನೆಟ್ಟಿಗೆ ಕಂಬಳಿಕೊಪ್ಪೆ ಹಾಕಿಕೊಂಡು ಇಡೀ ದಿನ ಮಳೆಯಲ್ಲಿ ನಿಲ್ಲುತ್ತಿದ್ದರು. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾ ತೇವವನ್ನು ಹೀರಿಕೊಂಡೂ ಮುಟ್ಟಿದರೆ ಒದ್ದೆ ಅನ್ನಿಸದ ವಸ್ತು. ಆದರೆ ಕೊಪ್ಪೆಯೊಳಗಿನ ಮನುಷ್ಯ ಸ್ವಲ್ಪ ನೆನೆದರೆ ಒಲೆಯ ಮುಂದೆ ಕೂತು ಒಣಗುತ್ತಾನೆ, ಲ್ಯಾಪ್‌ಟಾಪಿಗೆ ಆ ಸೌಕರ್ಯ ಇಲ್ಲ. ಮೇಲಾಗಿ ಈಗ ಫೆಲ್ಟ್ ಎಂದು ಮಾರುವ ಅಗ್ಗದವು ಪಾಲಿಯೆಸ್ಟರಿನವು, ಉಣ್ಣೆಯ ಗುಣ ಅವಕ್ಕಿಲ್ಲ, ನಾಲ್ಕು ತಿಂಗಳಿಗೆ ಹಳೇ ಸ್ವೆಟರಿನಂತೆ ಗುಂಜು ಏಳುತ್ತದೆ. ಮನೆಯಲ್ಲಿ ಕೋಣೆಯಿಂದ ಕೋಣೆಗೆ ಓಡಾಡುವ ಲ್ಯಾಪ್‌ಟಾಪಿಗೆ ಫೆಲ್ಟ್ ಧಾರಾಳ ಸಾಕು. ಬಸ್ಸಿಗೆ ಬೇಡ.

ಚರ್ಮ, ಒಣ ಊರಿನವರಿಗೆ. ಜುಲೈ ತಿಂಗಳಲ್ಲಿ ಮಲೆನಾಡು, ಕರಾವಳಿಯಲ್ಲಿ ಚಪ್ಪಲಿಗೆ ಬೂಷ್ಟು ಬರುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಅದಕ್ಕಿಂತ ಕಡೆ ‘ಪಿಯು ಲೆದರ್’. ಬಟ್ಟೆಯ ಮೇಲೆ ಪಾಲಿಯುರೆಥೇನ್ ಬಳಿದದ್ದು ಅದು. ಗಾಳಿಯ ತೇವಕ್ಕೆ ಆ ಪದರ ನಿಧಾನ ಸಡಿಲವಾಗಿ, ಎರಡು ಮೂರು ಮಳೆಗಾಲಕ್ಕೆ ಬಿಸಿಲಿಗೆ ಸುಟ್ಟ ಬೆನ್ನಿನ ಹಾಗೆ ಸಿಪ್ಪೆ ಸಿಪ್ಪೆ ಏಳುತ್ತದೆ. ಆ ಕಪ್ಪು ಚೂರುಗಳು ಕೀಬೋರ್ಡಿನ ಸಂದಿಗೆ ಹೋಗುತ್ತವೆ. ಮಂಗಳೂರು, ಕಾರವಾರದವರು ಇದನ್ನು ಉಡುಗೊರೆಯಾಗಿ ಬಂದರೂ ಬೇರೆಯವರಿಗೆ ದಾಟಿಸಿ.

ಕೈಮಗ್ಗದ ಬಟ್ಟೆಯವು, ಇಳಕಲ್ ಸೆರಗಿನವು, ಸಂಡೂರಿನ ಲಂಬಾಣಿ ಕಸೂತಿಯವು ಮೇಳಗಳಲ್ಲಿ ಸಿಗುತ್ತವೆ. ನೋಡಿದರೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಸಂಡೂರಿನ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಕೊಳ್ಳುವಾಗ ಒಳಗೆ ಕೈಹಾಕಿ ನೋಡಿ: ಕನ್ನಡಿ, ಗುಂಡಿಗಳ ಹಿಂದಿನ ದಾರದ ಗಂಟು ಲೈನಿಂಗ್‌ನಿಂದ ಪೂರ್ತಿ ಮುಚ್ಚಿರಬೇಕು. ಬ್ಯಾಗಿಗೆ ಹಾಕುವಾಗ ಕಸೂತಿ ಇರುವ ಬದಿ ಲ್ಯಾಪ್‌ಟಾಪಿನ ಅಡಿಗೆ ಬರಲಿ, ಮುಚ್ಚಳಕ್ಕಲ್ಲ. ಒಂದೊಂದು ಕನ್ನಡಿಯೂ ಒಂದೊಂದು ಒತ್ತುಬಿಂದು.

ಗಟ್ಟಿ ಕೇಸ್ ಎಂದರೆ ಸಾಮಾನ್ಯವಾಗಿ ಇವಿಎ, ಓಡುವ ಶೂಗಳ ಅಟ್ಟೆಗೆ ಹಾಕುವ ವಸ್ತು. ಅದನ್ನು ಅಚ್ಚಿನಲ್ಲಿ ಒತ್ತಿ ಚಿಪ್ಪಿನ ಆಕಾರ ಮಾಡುತ್ತಾರೆ. ಒತ್ತಡಕ್ಕೂ ಪೆಟ್ಟಿಗೂ ಎರಡಕ್ಕೂ ಎಲ್ಲಕ್ಕಿಂತ ಚೆನ್ನಾಗಿ ಎದುರು ನಿಲ್ಲುವುದು ಇದು. ಥೂಲೆ ಕಂಪನಿಯ ಗಾಂಟ್ಲೆಟ್‌ನಂಥವನ್ನು ಪುಸ್ತಕದ ಹಾಗೆ ತೆರೆದು, ಲ್ಯಾಪ್‌ಟಾಪನ್ನು ಹೊರಗೆ ತೆಗೆಯದೆಯೇ ಕೆಲಸವನ್ನೂ ಮಾಡಬಹುದು. ಬೆಲೆ ಹೆಚ್ಚು, ತೂಕ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಇದು ನಿಮ್ಮ ಬ್ಯಾಗಿನ ಲ್ಯಾಪ್‌ಟಾಪ್ ಅರೆಯೊಳಗೆ ಹೋಗದೇ ಇರಬಹುದು. ಕೊಳ್ಳುವ ಮುಂಚೆ ಅದನ್ನೂ ಅಳೆಯಿರಿ. ಸ್ಕೂಟರಿನ ಫುಟ್‌ಬೋರ್ಡಿನಲ್ಲಿ ಬ್ಯಾಗಿಟ್ಟು ಹಂಪ್ ಹಾರಿಸುವವರಿಗೆ, ರಾತ್ರಿ ಬಸ್ಸಿನಲ್ಲಿ ತಲೆಮೇಲಿನ ರ‍್ಯಾಕಿಗೆ ಹಾಕಿ ನಿದ್ದೆ ಮಾಡುವವರಿಗೆ, ಸೈಟಿಗೆ ಹೋಗುವ ಎಂಜಿನಿಯರುಗಳಿಗೆ ಇದೇ ಸರಿ.

ಶೆಲ್ ಮೇಲೆ ನನಗೆ ಯಾಕೆ ಅನುಮಾನ

ಅಂಟಿಕೊಂಡೇ ಇರುವ ಪ್ಲಾಸ್ಟಿಕ್ ಶೆಲ್ ಸಿಗುವುದು ಹೆಚ್ಚುಪಾಲು ಮ್ಯಾಕ್‌ಬುಕ್‌ಗಳಿಗೆ. ಕೊಳ್ಳುವವರು ಮೊದಲು ಲ್ಯಾಪ್‌ಟಾಪ್ ತಿರುಗಿಸಿ, ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿರುವ ಮಾಡೆಲ್ ಸಂಖ್ಯೆ ಓದಿ. ಎಂ1 ಚಿಪ್‌ನ ಏರ್ ಎ2337, ಎಂ2ನ ಚಿಕ್ಕ ಏರ್‌ನದು ಎ2681. ಹೆಸರು ಒಂದೇ ‘ಮ್ಯಾಕ್‌ಬುಕ್ ಏರ್’, ಮೈಕಟ್ಟು ಪೂರ್ತಿ ಬೇರೆ. ಒಂದರ ಶೆಲ್ ಇನ್ನೊಂದಕ್ಕೆ ಕೂರುವುದಿಲ್ಲ.

ಶೆಲ್ ಗೀರನ್ನು ತಡೆಯುತ್ತದೆ ಎನ್ನುವುದು ಅರ್ಧ ಸತ್ಯ. ಅದರ ಮತ್ತು ಲೋಹದ ನಡುವೆ ಒಂದು ಮರಳಿನ ಕಣ ಸಿಕ್ಕಿಕೊಂಡರೆ, ಪ್ರತಿ ಅಲುಗಾಟಕ್ಕೂ ಅದೇ ಗೀರುತ್ತದೆ. ಗೆಳತಿಯೊಬ್ಬಳು ಎರಡು ವರ್ಷದ ಮೇಲೆ ಶೆಲ್ ಬಿಚ್ಚಿದಾಗ ಮುಚ್ಚಳದ ನಾಲ್ಕು ಮೂಲೆಯಲ್ಲೂ ಪಾತ್ರೆ ಉಜ್ಜಿದ ಗುರುತಿತ್ತು. ತಿಂಗಳಿಗೊಮ್ಮೆ ಬಿಚ್ಚಿ ಒರೆಸಿದರೆ ಇದು ತಪ್ಪುತ್ತದೆ, ಆದರೆ ಬಿಚ್ಚಿದಾಗಲೆಲ್ಲ ಕೊಕ್ಕೆಗಳು ಮುರಿಯುತ್ತವೆ. ಮುಚ್ಚಳದ ಮೇಲೆ ಹೆಚ್ಚುವರಿ ತೂಕ ಬಂದು ಹಿಂಜಿಗೂ ಶ್ರಮ. ಎಂ1ರಿಂದ ಈಚೆಗೆ ಏರ್‌ಗಳಲ್ಲಿ ಫ್ಯಾನ್ ಇಲ್ಲ, ಮೈಯಿಂದಲೇ ಬಿಸಿ ಹೊರಹೋಗಬೇಕು. ಅದರ ಮೇಲೆ ಪ್ಲಾಸ್ಟಿಕ್ ಹೊದಿಸುವುದು ಏಪ್ರಿಲ್ ತಿಂಗಳಲ್ಲಿ ಕಲಬುರಗಿಯಲ್ಲಿ ಸ್ವೆಟರ್ ಹಾಕಿದಂತೆ.

ಶೆಲ್ ಜೊತೆ ಉಚಿತವಾಗಿ ಕೊಡುವ ಸಿಲಿಕೋನ್ ಕೀಬೋರ್ಡ್ ಹೊದಿಕೆ, ಕ್ಯಾಮೆರಾ ಮುಚ್ಚುವ ಸ್ಲೈಡರ್ ಇನ್ನೂ ಅಪಾಯ. ಮೇಲೆ ಹೇಳಿದ ಆ ಕೂದಲೆಳೆಯ ಜಾಗವನ್ನು ಅವು ತುಂಬಿಬಿಡುತ್ತವೆ. ಇಂಥವನ್ನು ತೆಗೆಯದೆ ಮುಚ್ಚಬೇಡಿ ಎಂದು ಆಪಲ್ಲೇ ತನ್ನ ಸೂಚನೆಯಲ್ಲಿ ಹೇಳಿದೆ. ಅಂಗೈ ಇಡುವ ಜಾಗಕ್ಕೆ ಹೊದಿಕೆ ಬೇಕೇಬೇಕೆಂದರೆ ಅದು ಸಾಧಾರಣ ಪ್ರಿಂಟರ್ ಕಾಗದಕ್ಕಿಂತ, ಅಂದರೆ 0.1 ಮಿ.ಮೀ.ಗಿಂತ, ದಪ್ಪ ಇರಬಾರದಂತೆ. ಸ್ಟಿಕರ್ ಅಂಟಿಸುವ ಆಸೆಗೆ ಶೆಲ್ ಕೊಳ್ಳುವವರು ಅದನ್ನೇ ಒಪ್ಪಿಕೊಂಡು ಕೊಳ್ಳಲಿ, ರಕ್ಷಣೆಯ ನೆಪ ಬೇಡ. ಶೆಲ್ ಇದ್ದರೂ ಬ್ಯಾಗಿಗೆ ಹಾಕುವಾಗ ಸ್ಲೀವ್ ಬೇಕೇ ಬೇಕು, ಆಗ ಸ್ಲೀವಿನ ಅಳತೆ ಮತ್ತೆ ತಪ್ಪುತ್ತದೆ.

ಮಳೆ

ಒಳಗಡೆ ಪದರ ಬಳಿದ ನೈಲಾನ್ ಇದ್ದರೆ ಆಟೊದಿಂದ ಇಳಿದು ಬಾಗಿಲು ಸೇರುವಷ್ಟು ತುಂತುರನ್ನು ಯಾವ ಸ್ಲೀವೂ ತಡೆಯುತ್ತದೆ. ಅಂಗಡಿಯಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ, ಕೆಸುವಿನ ಎಲೆಯ ಮೇಲಿನಂತೆ ಉರುಳಬೇಕು. ಆಗುಂಬೆಯ ಮಳೆಗಾಗಲಿ, ಬೆಂಗಳೂರಿನ ಸಂಜೆ ಏಳರ ಮಳೆಯಲ್ಲಿ ಸ್ಕೂಟರ್ ಓಡಿಸುವುದಕ್ಕಾಗಲಿ ಸ್ಲೀವ್ ಉತ್ತರವಲ್ಲ. ಅದಕ್ಕೆ ಬ್ಯಾಗಿನ ಮೇಲೆ ರೈನ್ ಕವರ್, ಒಳಗೆ ಲ್ಯಾಪ್‌ಟಾಪಿಗೆ ದಪ್ಪ ಪ್ಲಾಸ್ಟಿಕ್ ಕವರ್. ಸೀರೆ ಅಂಗಡಿಯಲ್ಲಿ ಕೊಡುವ ಜಿಪ್ ಇರುವ ಪಾರದರ್ಶಕ ಚೀಲ 14 ಇಂಚಿನದಕ್ಕೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ಮನೆ ಸೇರಿದ ಕೂಡಲೇ ಅದರಿಂದ ಹೊರತೆಗೆಯಿರಿ, ಒಳಗಿನ ತೇವ ಹೊರಗೆ ಹೋಗಬೇಕು.

ಕರಾವಳಿಯವರಿಗೆ ಇನ್ನೊಂದು. ಎ.ಸಿ.ಯಲ್ಲಿ ತಣ್ಣಗಾದ ಲ್ಯಾಪ್‌ಟಾಪನ್ನು ಹೊರಗಿನ ಸೆಖೆಗೆ ತಂದು ತಕ್ಷಣ ತೆರೆದರೆ ಲೋಹದ ಮೇಲೆ ಇಬ್ಬನಿ ಕೂರುತ್ತದೆ. ಸ್ಲೀವಿನೊಳಗೇ ಇಪ್ಪತ್ತು ನಿಮಿಷ ಬಿಟ್ಟು ಆಮೇಲೆ ತೆರೆಯಿರಿ.

ಬ್ಯಾಗಿನಲ್ಲೇ ಅರೆ ಇದ್ದರೆ?

ಖಾಲಿ ಬ್ಯಾಗಿನ ಲ್ಯಾಪ್‌ಟಾಪ್ ಅರೆಯಲ್ಲಿ ಕೈ ಇಳಿಸಿ ತಳ ಮುಟ್ಟಿ. ಕೈಗೆ ನೆಲವೇ ಸಿಕ್ಕಿದರೆ, ಬ್ಯಾಗು ಕೆಳಗಿಟ್ಟಾಗಲೆಲ್ಲ ಲ್ಯಾಪ್‌ಟಾಪಿನ ಅಂಚು ನೆಲಕ್ಕೆ ಗುದ್ದುತ್ತಿದೆ ಎಂದರ್ಥ. ಒಳ್ಳೆಯ ಬ್ಯಾಗಿನಲ್ಲಿ ಆ ಅರೆ ತಳದಿಂದ ಎರಡು ಮೂರು ಸೆಂ.ಮೀ. ಮೇಲೆ ತೂಗುತ್ತಿರುತ್ತದೆ. ಹಾಗಿದ್ದರೆ ತೆಳು ನಿಯೋಪ್ರೀನ್ ಸಾಕು, ಇಲ್ಲದಿದ್ದರೆ ಅಂಚಿಗೆ ದಿಂಡಿರುವ ಸ್ಲೀವ್. ಇದರ ಪರೀಕ್ಷೆ ಬೇಕಾದರೆ ನಮ್ಮ ಮೆಟ್ರೊದ ಸ್ಕ್ಯಾನರ್ ಮುಂದೆ ನಿಲ್ಲಿ. ಬೆಲ್ಟಿನ ಕೊನೆಯಲ್ಲಿ ನಿಮ್ಮ ಬ್ಯಾಗು ಜಾರಿ, ಹಿಂದಿನವರ ಟಿಫಿನ್ ಬ್ಯಾಗು ಬಂದು ಅದಕ್ಕೆ ಡಿಕ್ಕಿ ಹೊಡೆಯುವ ಸದ್ದು ದಿನಕ್ಕೆರಡು ಸಲ ಕೇಳುತ್ತೇನೆ. ಬ್ಯಾಗನ್ನು ಮಲಗಿಸುವಾಗ ಬೆನ್ನಿಗೆ ತಾಗುವ ಬದಿ ಕೆಳಗಿರಲಿ, ಲ್ಯಾಪ್‌ಟಾಪಿನ ಮುಚ್ಚಳ ಬೆನ್ನಿನ ಕಡೆ ಇರಲಿ. ಅಡಾಪ್ಟರ್ ಯಾವಾಗಲೂ ಬೇರೆ ಅರೆಯಲ್ಲಿ. ಸ್ಲೀವಿನ ಹೊರಗೆ ಚಾರ್ಜರಿಗೆಂದು ಹೊಲಿದಿರುವ ಜೇಬು ಇರುತ್ತದಲ್ಲ, ಅದರಲ್ಲಿ ಕೇಬಲ್ಲು, ಪೆನ್‌ಡ್ರೈವ್ ಇಡಿ. ಅಡಾಪ್ಟರ್ ಇಟ್ಟರೆ ನನ್ನ ₹6,500ರ ಕತೆ ನಿಮ್ಮದೂ ಆಗುತ್ತದೆ.

ಇನ್ನೊಂದು ಸಣ್ಣದು: ಸ್ಲೀಪ್‌ನಲ್ಲಿಟ್ಟ ವಿಂಡೋಸ್ ಲ್ಯಾಪ್‌ಟಾಪ್ ಸ್ಲೀವಿನೊಳಗೇ ಎಚ್ಚರಗೊಂಡು ಅಪ್‌ಡೇಟ್ ಮಾಡತೊಡಗುವುದುಂಟು. ತೆಗೆದಾಗ ಆಗಷ್ಟೇ ಕಾವಲಿಯಿಂದ ಇಳಿದ ದೋಸೆಯಷ್ಟು ಬಿಸಿ. ಮುಚ್ಚಳ ಮುಚ್ಚಿದರೆ ಹೈಬರ್ನೇಟ್ (ಮಾಡುತ್ತಿದ್ದ ಕೆಲಸ ಉಳಿಸಿಟ್ಟು ಪೂರ್ತಿ ಆಫ್) ಆಗುವಂತೆ ಪವರ್ ಸೆಟ್ಟಿಂಗಿನಲ್ಲಿ ಒಮ್ಮೆ ಬದಲಿಸಿಬಿಡಿ.

ತಂಗಿ ಮಗಳ ಲ್ಯಾಪ್‌ಟಾಪ್ 35.9 × 23.6 ಸೆಂ.ಮೀ. ಇತ್ತು. ಹಾಸ್ಟೆಲಿನಿಂದ ಕಾಲೇಜಿಗೆ ಹತ್ತು ನಿಮಿಷದ ನಡಿಗೆ, ತಿಂಗಳಿಗೊಮ್ಮೆ ಊರಿಗೆ ಬಸ್ಸು, ಹಾಸ್ಟೆಲ್ ಮಂಚದ ಮೇಲೆ ಗೆಳತಿಯರು ನೋಡದೆ ಅದರ ಮೇಲೆ ಕೂತುಬಿಡುವ ಸಂಭವ ದಿನಾ. ಅವಳಿಗೆ ಅವಳು ಕಳಿಸಿದ ನಾಲ್ಕೂ ಬೇಡವೆಂದೆ. ಒಳಗೆ ಗಟ್ಟಿ ಹಾಳೆ, ಮೂಲೆಗೆ ದಿಂಡು, ಮೂರು ಬದಿಗೆ ಜಿಪ್ ಇರುವ ನೈಲಾನ್ ಸ್ಲೀವ್ ₹1,350ಕ್ಕೆ ಸಿಕ್ಕಿತು. ಬಣ್ಣ ಇಷ್ಟವಾಗಲಿಲ್ಲವಂತೆ, ಅದರ ಮೇಲೆ ಅಮ್ಮನ ಹಳೆಯ ಸೀರೆಯ ಅಂಚನ್ನು ತಾನೇ ಹೊಲಿದುಕೊಂಡಿದ್ದಾಳೆ.

ಸ್ಲೀವ್ ಬಿಗಿಯಾದರೆ

ಮೇಲೆ ಲ್ಯಾಪ್‌ಟಾಪ್ ಬೆಳೆಯುವುದುಂಟು ಎಂದೆ. ನನ್ನ ತಮ್ಮ ಹೋದ ವರ್ಷ ಹೊಸ ಸ್ಲೀವ್ ಬೇಕು ಎಂದ. ಹಳೆಯದು ಕುಗ್ಗಿಹೋಗಿದೆ, ಜಿಪ್ ಎಳೆಯಲು ಆಗುತ್ತಿಲ್ಲ ಅಂತ ದೂರು. ತೊಳೆದಿದ್ದೀಯಾ ಅಂದೆ, ಇಲ್ಲ ಅಂದ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಒಂದು ಮೂಲೆ ಒತ್ತಿದೆ, ಕಾಲು ಸರಿಯಿಲ್ಲದ ಮಣೆಯಂತೆ ಅಲುಗಿತು. ಟಚ್‌ಪ್ಯಾಡ್ ಕ್ಲಿಕ್ ಆಗುತ್ತಿರಲಿಲ್ಲ. ಬ್ಯಾಟರಿ ಉಬ್ಬಿತ್ತು. ಹಳತಾದ ಅಥವಾ ಕೆಟ್ಟ ಲಿಥಿಯಂ ಬ್ಯಾಟರಿಯ ಒಳಗೆ ಅನಿಲ ತುಂಬಿ ಹೀಗಾಗುತ್ತದೆ, ಅದನ್ನು ಬಿಗಿ ಸ್ಲೀವಿಗೆ ತುರುಕುವುದೆಂದರೆ ಉಬ್ಬಿದ್ದರ ಮೇಲೆ ಮತ್ತಷ್ಟು ಒತ್ತಡ ಹಾಕಿದ ಹಾಗೆ. ಆಫ್ ಮಾಡಿ, ಚಾರ್ಜಿಗೆ ಹಾಕದೆ, ಚುಚ್ಚದೆ, ಒತ್ತದೆ ಸರ್ವಿಸ್ ಸೆಂಟರಿಗೆ ಒಯ್ದ. ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದ ದಿನ ಅದೇ ಹಳೇ ಸ್ಲೀವಿನೊಳಗೆ ಲ್ಯಾಪ್‌ಟಾಪ್ ಮೊದಲಿನ ಹಾಗೇ ಸರಾಗವಾಗಿ ಇಳಿಯಿತು.